ಕೇಳುವವರು ಕೊಡುವ ಕಾಣಿಕೆ

ಸಂಗೀತಗಾರನು ಕೊಡುವವನು, ಕೇಳುವವನು ಪಡೆಯುವವನು ಎಂಬುದು ಲೋಕರೂಢಿಯ ಮಾತು. ನಾಲ್ಕು ದಶಕಗಳಿಂದ ಪಿಟೀಲು ನುಡಿಸುತ್ತ ಬಂದಿರುವ ನನಗೆ ಇದು ಅರ್ಧ ಸತ್ಯವೆಂದೇ ತೋರಿದೆ. ಕೇಳುವವನೂ ಕೊಡುತ್ತಾನೆ. ಸಂಭಾವನೆ, ಶಾಲು, ಚಪ್ಪಾಳೆಗಳ ವಿಷಯವನ್ನು ನಾನು ಹೇಳುತ್ತಿಲ್ಲ. ಅವೆಲ್ಲ ಮರೆತುಹೋದ ಮೇಲೆಯೂ ಬೆರಳಿನಲ್ಲಿ ಉಳಿಯುವ ಕಾಣಿಕೆಯೊಂದುಂಟು. ಅದು ಸ್ಥಳದಿಂದ ಸ್ಥಳಕ್ಕೆ ಬೇರೆಯಾಗುತ್ತದೆ.

ಮೊದಲು ಸಂಗೀತ ಸಭೆಯನ್ನೇ ತೆಗೆದುಕೊಳ್ಳೋಣ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಂತಹ ಸ್ಥಳದಲ್ಲಿ, ರಾಮನವಮಿಯ ಕಚೇರಿಗಳಲ್ಲಿ, ಮುಂದಿನ ಸಾಲಿನ ರಸಿಕರು ತೊಡೆಯ ಮೇಲೆ ತಾಳ ಹಾಕುತ್ತ ನಮ್ಮೊಡನೆ ಲೆಕ್ಕ ಇಡುತ್ತಾರೆ. ಬೇಗಡೆಯ ನಿಷಾದವು ಅದಕ್ಕೆ ಸಲ್ಲುವ ಎಡೆಯಲ್ಲಿ ಬಂದು ನಿಂತಾಗ ಒಂದು ತಲೆ ಮೆಲ್ಲನೆ ತೂಗುತ್ತದೆ. ಆ ಒಂದು ತಲೆದೂಗಿಗಾಗಿ ವಾರಗಟ್ಟಲೆ ಸಾಧನೆ ಮಾಡಬಹುದು. ಬಲ್ಲವರು ಕೊಡುವ ಕಾಣಿಕೆಯೆಂದರೆ ಎಚ್ಚರ.

ಕೇಳುವವರಿಗಾಗಿ ವಾದ್ಯದ ಶರೀರವೇ ಬದಲಾದ ನಿದರ್ಶನವೂ ನಮ್ಮಲ್ಲಿದೆ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ನಾದವು ತಲುಪಬೇಕೆಂದು ಮೈಸೂರು ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದರು. ಆ ಏಳು ತಂತಿಯ ಪಿಟೀಲಿನಲ್ಲಿ ಹಿಂದೆ ಕುಳಿತವನ ಪಾಲೂ ಇದೆಯೆಂದು ನಾನು ಭಾವಿಸುತ್ತೇನೆ.

ಮದುವೆಯ ಮನೆಯ ಸ್ಥಿತಿ ಬೇರೆ. ಆರತಕ್ಷತೆಯ ಹೊತ್ತಿನಲ್ಲಿ ಕುಶಲಪ್ರಶ್ನೆ, ಮಕ್ಕಳ ಓಟ, ಊಟದ ಪಂಕ್ತಿಯ ಕರೆ ಇವುಗಳ ನಡುವೆ ತೋಡಿಯ ಆಲಾಪನೆ ಯಾರಿಗೆ ಬೇಕು? ಇಂತಹ ಕಡೆಗೆ ಹೋಗಲೇಬಾರದೆಂದು ನನ್ನ ಮಿತ್ರರಲ್ಲಿ ಕೆಲವರು ವಾದಿಸುತ್ತಾರೆ. ಅವರ ನೋವು ನಿಜವಾದದ್ದು. ವಿದ್ಯೆಗೆ ಅನಾದರವಾದರೆ ಯಾರ ಮನಸ್ಸೂ ಮುದುಡುತ್ತದೆ. ಆದರೂ ನಾನು ಅವರ ಮಾತಿಗೆ ಒಪ್ಪಿಲ್ಲ. ಅದಕ್ಕೆ ಕಾರಣವುಂಟು. ಒಂದು ಮದುವೆಯಲ್ಲಿ ನಾನು ಆನಂದಭೈರವಿಯನ್ನು ನುಡಿಸುತ್ತಿದ್ದಾಗ ಅಡಿಗೆಯವರೊಬ್ಬರು ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. ಕಚೇರಿ ಮುಗಿದ ಮೇಲೆ ಹತ್ತಿರ ಬಂದು, “ಅದು ಯಾವ ರಾಗವೋ ನಾನರಿಯೆ ಸ್ವಾಮಿ. ನಮ್ಮವ್ವ ರಾಗಿ ಬೀಸುವಾಗ ಹೀಗೇ ಎಳೆದು ಹಾಡುತ್ತಿದ್ದಳು” ಎಂದರು. ಆನಂದಭೈರವಿಗೂ ಜನಪದದ ಧಾಟಿಗಳಿಗೂ ನೆಂಟಸ್ತಿಕೆಯುಂಟೆಂದು ವಿದ್ವಾಂಸರು ಹೇಳುವುದನ್ನು ನಾನು ಕೇಳಿದ್ದೆ. ಆ ನೆಂಟಸ್ತಿಕೆ ಕಣ್ಣೆದುರು ಬಂದು ನಿಂತದ್ದು ಅಂದು. ಆ ರಾಗವನ್ನು ಎತ್ತಿಕೊಂಡಾಗಲೆಲ್ಲ ಈಗ ನನ್ನ ಕಮಾನು ಸ್ವಲ್ಪ ನಿಧಾನವಾಗುತ್ತದೆ. ಯಾವ ಸಭೆಯೂ ನನಗೆ ಇದನ್ನು ಕೊಟ್ಟಿರಲಿಲ್ಲ.

ದೇವಾಲಯದಲ್ಲಿ ನುಡಿಸುವಾಗ ಜನರ ಮುಖ ನಮ್ಮ ಕಡೆಗಿರುವುದಿಲ್ಲ, ಗರ್ಭಗುಡಿಯ ಕಡೆಗಿರುತ್ತದೆ. ಶಯನೋತ್ಸವದಲ್ಲಿ ನೀಲಾಂಬರಿ ನುಡಿಸಿ ಮುಗಿಸಿದರೆ ಚಪ್ಪಾಳೆಯಿಲ್ಲ, ದೀಪವನ್ನು ಸಣ್ಣದು ಮಾಡುತ್ತಾರೆ, ಅಷ್ಟೆ. ‘ನಾನು ನುಡಿಸಿದೆ’ ಎಂಬ ಭಾವವು ಒಂದು ಗಳಿಗೆ ಕಳಚಿಹೋಗುವ ಸುಖ ಅಲ್ಲಿಯದು.

ಇನ್ನು ಆಕಾಶವಾಣಿ. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದಾಗ ಸಂಗೀತಕ್ಕೆ ಹೊಸದೊಂದು ಬಗೆಯ ಶ್ರೋತೃವರ್ಗ ದೊರೆಯಿತು: ಕಣ್ಣಿಗೆ ಕಾಣದ ಶ್ರೋತೃವರ್ಗ. ಈಗ ನಾನು ಮಾತನಾಡುತ್ತಿರುವ ಇಂತಹದೇ ಕೋಣೆಯಲ್ಲಿ, ಕೆಂಪು ದೀಪ ಹತ್ತಿದೊಡನೆ, ಗಡಿಯಾರದ ಮುಳ್ಳನ್ನು ನೋಡಿಕೊಂಡು ನುಡಿಸಬೇಕು. ತೂಗುವ ತಲೆಯಿಲ್ಲ, ಗದ್ದಲವೂ ಇಲ್ಲ. ಕೇಳುವವನು ನಾನೊಬ್ಬನೇ ಎಂಬಂತೆ ತೋರುತ್ತದೆ. ಹೀಗೆ ತನ್ನ ನಾದವನ್ನು ತಾನೇ ಕೇಳಿಕೊಳ್ಳುವ ಅಭ್ಯಾಸವು ಇಲ್ಲಿಯ ಕಾಣಿಕೆ. ಒಮ್ಮೆ ಹಾಸಿಗೆ ಹಿಡಿದ ವೃದ್ಧರೊಬ್ಬರು ಬರೆಸಿದ ಕಾರ್ಡು ನನಗೆ ಬಂದಿತು. ಸಭೆಯ ಮೆಟ್ಟಿಲನ್ನು ಹತ್ತಲಾರದವರ ಬಳಿಗೆ ಸಂಗೀತವೇ ನಡೆದುಹೋಗಬಲ್ಲುದೆಂಬುದನ್ನು ಅದು ನನಗೆ ತಿಳಿಸಿತು.

ಒಂದೆಡೆ ದೊರೆಯುವುದನ್ನು ಇನ್ನೊಂದೆಡೆ ಬೇಡುವುದರಿಂದಲೇ ನಮಗೆ ನಿರಾಶೆಯುಂಟಾಗುತ್ತದೆ. ಬಲ್ಲವರಿಗಾಗಿ ಮಾತ್ರ ನುಡಿಸಿದರೆ ಸಂಗೀತವು ಲೆಕ್ಕಾಚಾರವಾಗಿ ಒಣಗೀತು. ಮೆಚ್ಚುವವರಿಗಾಗಿ ಮಾತ್ರ ನುಡಿಸಿದರೆ ಸಡಿಲವಾದೀತು. ಕಿರಿಯ ವಾದಕರಿಗೆ ನನ್ನ ಬಿನ್ನಹವಿಷ್ಟೆ: ಯಾವ ಕರೆಯನ್ನೂ ಕೀಳೆಂದು ತಳ್ಳಬೇಡಿ, ಎಲ್ಲಿ ಕುಳಿತರೂ ಶ್ರುತಿಯನ್ನು ಒಂದೇ ನಿಷ್ಠೆಯಿಂದ ಕೂಡಿಸಿರಿ. ಆ ಗುಂಪಿನಲ್ಲಿ ನಿಮಗೆ ಕೊಡಬೇಕಾದುದನ್ನು ಹೊತ್ತು ತಂದವನು ಯಾರೆಂಬುದು ಮೊದಲೇ ತಿಳಿಯುವುದಿಲ್ಲ.