ಎಣ್ಣೆಯ ಗಡಿಗೆಯೂ ಬಂಜೆತನದ ಮಾತೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವ್ಯಾಕರಣ ಕಲಿಸುವವನಿಗೆ ಎಣ್ಣೆಯ ಗೊಡವೆ ಏಕೆಂದು ತಾವು ಕೇಳಬಹುದು. ಎಳ್ಳು, ನೆಯ್ ಎಂಬೆರಡು ಮಾತು ಕೂಡಿಯೇ ‘ಎಣ್ಣೆ’ಯಾಯಿತು, ಸಂಸ್ಕೃತದ ತೈಲವೂ ತಿಲದಿಂದಲೇ ಹುಟ್ಟಿತು. ಅಷ್ಟರಮಟ್ಟಿಗೆ ನನಗೂ ಅಧಿಕಾರವುಂಟು. ಉಳಿದುದನ್ನು ಬಲ್ಲವರ ಬರಹಗಳಿಂದ ತಿಳಿದೆನು.

ದೂರದ ಊರಿಗೆ ಕೊಟ್ಟ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು ಅವಳ ಒಪ್ಪಿಗೆಯಿಂದಲೇ ಹೇಳುತ್ತೇನೆ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿಲ್ಲ. ಬೀಜದ ಎಣ್ಣೆ ಹೆಂಗಸರ ಹಾರ್ಮೋನನ್ನು ಕೆಡಿಸುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಅತ್ತೆಯವರು ಸೊಸೆಯ ರೊಟ್ಟಿ-ಚಟ್ನಿಗೆ ಕುಸುಬೆ ಎಣ್ಣೆ ಹಾಕುವುದನ್ನು ನಿಲ್ಲಿಸಿದರು. ಮಗನ ತಟ್ಟೆಗೆ ಮಾತ್ರ ಅದೇ ಎಣ್ಣೆ! ವೈದ್ಯರ ಪರೀಕ್ಷೆಯೂ ಆದದ್ದು ಸೊಸೆಗೆ ಮಾತ್ರ.

ಈ ಎರೆಭೂಮಿಯ ಕುಸುಬೆಯ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವಿರುತ್ತದೆ. ಅದನ್ನು ದೇಹವು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಅಂಡವು ಬಿಡುಗಡೆಯಾಗುವುದಕ್ಕೂ ಹೆರಿಗೆಯ ನೋವಿಗೂ ಬೇಕಾದ ಪ್ರೋಸ್ಟಗ್ಲಾಂಡಿನ್ನುಗಳು ಅದರಿಂದ ಉಂಟಾಗುತ್ತವೆ. 1929ರಲ್ಲಿ ಬರ್ ದಂಪತಿಗಳು ಕೊಬ್ಬಿಲ್ಲದ ಆಹಾರವನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ, ಅವು ಸೊರಗಿದುದಲ್ಲದೆ ಹೆಣ್ಣಿಲಿಗಳ ಅಂಡೋತ್ಪತ್ತಿಯೂ ಏರುಪೇರಾಯಿತು. ಬೀಜದ ಎಣ್ಣೆಗಳಲ್ಲಿ ದೊರೆಯುವ ‘ಇ’ ಜೀವಸತ್ವವನ್ನು 1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಗುರುತಿಸಿದ್ದು ಕೂಡ ಬಸಿರು ನಿಲ್ಲದ ಇಲಿಗಳಲ್ಲಿಯೇ. ಅದರ ಹೆಸರು ಟೊಕೊಫೆರಾಲ್. ಗ್ರೀಕ್ ಭಾಷೆಯಲ್ಲಿ ‘ಟೊಕೊಸ್’ ಎಂದರೆ ಹೆರಿಗೆ. ಇಲಿಗೆ ಹೇಳಿದ್ದನ್ನೆಲ್ಲ ಮನುಷ್ಯರಿಗೆ ಹೇಳಲಾಗದು, ನಿಜ. ಆದರೆ ಅಡಿಗೆಯಲ್ಲಿ ಹಿತಮಿತವಾಗಿ ಬಳಸುವ ಕುಸುಬೆ, ಶೇಂಗಾ, ಎಳ್ಳೆಣ್ಣೆಗಳು ಹೆಂಗಸರನ್ನು ಬಂಜೆಯರನ್ನಾಗಿಸುವುವೆಂಬುದಕ್ಕೆ ಆಧಾರವಿಲ್ಲ. ಸಂಶಯಪಡಬೇಕಾದುದು ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಹಳೆಯ ಬಗೆಯ ವನಸ್ಪತಿಯನ್ನು. ಅದರ ಟ್ರಾನ್ಸ್ ಕೊಬ್ಬಿಗೂ ಅಂಡೋತ್ಪತ್ತಿಯ ತೊಂದರೆಗೂ ನಂಟಿರುವಂತೆ 2007ರಲ್ಲಿ ಅಮೆರಿಕದ ದಾದಿಯರ ಅಧ್ಯಯನದಲ್ಲಿ ಕಂಡುಬಂದಿತು.

ಹಾಗಾದರೆ ಸಂತಾನಶಕ್ತಿಯನ್ನು ಕುಂದಿಸಿದ ಬೀಜದೆಣ್ಣೆಯೇ ಇಲ್ಲವೇ? ಒಂದುಂಟು. ನಾವು ಎಮ್ಮೆಗೆ ಹಾಕುವ ಹತ್ತಿಕಾಳಿನ ಹಸಿ ಎಣ್ಣೆ. 1950ರ ದಶಕದಲ್ಲಿ ಚೀನದ ಕೆಲವು ಹಳ್ಳಿಗಳಲ್ಲಿ, ಶುದ್ಧೀಕರಿಸದ ಆ ಎಣ್ಣೆಯಲ್ಲಿ ಅಡಿಗೆ ಮಾಡುತ್ತಿದ್ದ ಮನೆಗಳಲ್ಲಿ ಮಕ್ಕಳಾಗದಿರುವುದು ವೈದ್ಯರ ಕಣ್ಣಿಗೆ ಬಿದ್ದಿತು. ಗಾಸಿಪಾಲ್ ಎಂಬ ಹಳದಿ ಪದಾರ್ಥವೇ ಕಾರಣ. ಅದು ಮುಖ್ಯವಾಗಿ ಕೆಡಿಸಿದ್ದು ಯಾರನ್ನು? ಗಂಡಸರನ್ನು! 1972ರಿಂದ ಅದನ್ನೇ ಗಂಡಸರ ಗರ್ಭನಿರೋಧಕ ಗುಳಿಗೆಯೆಂದು 8000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. ಅವರ ಪುರುಷ ಹಾರ್ಮೋನಿಗೆ ಹೆಚ್ಚು ಕುಂದಿಲ್ಲ, ಮೈಕಟ್ಟು ಹಾಗೆಯೇ. ವೀರ್ಯಾಣುಗಳು ಮಾತ್ರ ಇಳಿದುಹೋದುವು. ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು, ಕೆಲವರಿಗೆ ಸಂತಾನಶಕ್ತಿ ಮರಳದೆ, ಆ ಪ್ರಯೋಗವನ್ನು ಕೈಬಿಡಬೇಕಾಯಿತು. ಅಂಗಡಿಯ ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಯಲ್ಲಿ ಈ ಪದಾರ್ಥವನ್ನು ಕ್ಷಾರದಿಂದ ತೆಗೆದಿರುತ್ತಾರೆ, ಅದಕ್ಕೆ ಅಂಜಬೇಕಾಗಿಲ್ಲ.

ಮೀಸೆ ದಟ್ಟವಾಗಿದೆ, ನಮ್ಮ ಹುಡುಗನಿಗೆ ಪರೀಕ್ಷೆ ಏಕೆ ಎನ್ನುವ ಹಿರಿಯರಿಗೆ ನಾನು ಈ ಚೀನದ ಕಥೆಯನ್ನೇ ಹೇಳುವುದು. ಆ ಹುಡುಗಿಯ ಮಾವನವರಿಗೂ ಹೇಳಿದೆನು. ಅಳಿಯನು ಸೊಲ್ಲಾಪುರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡನು. ಫಲವೇನೆಂಬುದು ಅವರ ಮನೆಯ ಮಾತು. ಅವಳ ಚಟ್ನಿಗೆ ಕುಸುಬೆ ಎಣ್ಣೆ ಮರಳಿತೆಂಬುದನ್ನು ಮಾತ್ರ ಬಲ್ಲೆನು.