ಆಳ ಹೆಚ್ಚಿದಂತೆ ನೀರಿನ ಒತ್ತಡ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ರಾಯದುರ್ಗ, ಆದವಾನಿ ಸೀಮೆಯವರಾದ ನಮಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾದುದಿಲ್ಲ. ಮಳೆ ಕಡಮೆಯಾದ ಈ ನಾಡಿನಲ್ಲಿ ತುಂಗಭದ್ರೆಯ ಕಾಲುವೆಗಳೇ ಎಷ್ಟೋ ಹೊಲಗಳಿಗೆ ಜೀವಾಳ. ಆದರೆ ನೀರಿನ ಬೆಲೆಯನ್ನು ಬಲ್ಲವರು ಅದರ ಬಲವನ್ನೂ ಬಲ್ಲವರಾಗಬೇಕೆಂಬುದು ನಮ್ಮ ಆಶಯ. ಇಂದಿನ ಮಾತಿಗೆ ಅದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ.

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಆ ಬಾಯಿಂದ ಹೊರಗೆ ನುಗ್ಗಿತು. ಆಗ ಅಧಿಕಾರಿಗಳು ಉಳಿದ ಗೇಟುಗಳನ್ನೂ ತೆರೆಸಿದರು. ಒಂದು ಕಡೆ ನೀರು ಪೋಲಾಗುತ್ತಿರುವಾಗ ಎಲ್ಲ ಕಡೆಯಿಂದಲೂ ಹೊರಬಿಟ್ಟುದೇಕೆ? ಇದಕ್ಕೆ ಉತ್ತರವು ನೀರಿನ ಒತ್ತಡದ ನಿಯಮದಲ್ಲಿದೆ.

ಆದವಾನಿಯ ಮಂಡಿಯಲ್ಲಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿರುವುದನ್ನು ನೀವು ನೋಡಿರಬಹುದು. ಮೇಲಿನ ಮೂಟೆಗೆ ಯಾವ ಭಾರವೂ ಇಲ್ಲ. ಎರಡನೆಯದು ಒಂದು ಮೂಟೆಯನ್ನು ಹೊತ್ತಿದೆ. ತಳದ ಮೂಟೆಯು ಎಲ್ಲವನ್ನೂ ಹೊತ್ತಿದೆ. ನೀರೂ ಹಾಗೆಯೇ. ಅದನ್ನು ಪದರ ಪದರವಾಗಿ ಭಾವಿಸಿರಿ. ಪ್ರತಿಯೊಂದು ಪದರವೂ ತನ್ನ ಮೇಲಿರುವ ನೀರಿನ ಭಾರವನ್ನೆಲ್ಲ ಹೊರಬೇಕು. ಆಳಕ್ಕೆ ಇಳಿದಂತೆ ಮೇಲಣ ನೀರು ಹೆಚ್ಚುತ್ತದೆ. ಆದುದರಿಂದ ಒತ್ತಡವೂ ಹೆಚ್ಚುತ್ತದೆ.

ಲೆಕ್ಕವು ಸುಲಭ. ಒಂದು ಚದರ ಸೆಂಟಿಮೀಟರಿನ ಮೇಲೆ 10 ಮೀಟರು ಎತ್ತರದ ನೀರು ನಿಂತರೆ ಅದರ ತೂಕ 1 ಕಿಲೋಗ್ರಾಂ. 20 ಮೀಟರಿಗೆ 2 ಕಿಲೋಗ್ರಾಂ. ನೀರು ಅದುಮಿದರೆ ಕುಗ್ಗುವುದು ಅತ್ಯಲ್ಪವಾದುದರಿಂದ ಈ ಏರಿಕೆಯು ಒಂದೇ ಸಮನಾಗಿರುತ್ತದೆ.

ಆದರೆ ಮೂಟೆಗೂ ನೀರಿಗೂ ಒಂದು ಭೇದವಿದೆ. ಮೂಟೆಯ ಭಾರವು ಮುಖ್ಯವಾಗಿ ಕೆಳಕ್ಕೆ ಒತ್ತುತ್ತದೆ. ನೀರಿಗೆ ತನ್ನದೇ ಆದ ಆಕಾರವಿಲ್ಲ; ಎಡೆ ಸಿಕ್ಕಿದತ್ತ ಹರಿಯುವುದು ಅದರ ಸ್ವಭಾವ. ಆದುದರಿಂದ ಅದು ಕೆಳಕ್ಕೆ, ಪಕ್ಕಕ್ಕೆ, ಮೇಲಕ್ಕೆ, ಎಲ್ಲ ದಿಕ್ಕಿಗೂ ಸಮನಾಗಿ ಒತ್ತುತ್ತದೆ. ಅಣೆಕಟ್ಟಿನ ಗೋಡೆಯನ್ನು ತಳದಲ್ಲಿ ಅಷ್ಟು ದಪ್ಪವಾಗಿ ಕಟ್ಟಲು ಇದೇ ಕಾರಣ.

ಇನ್ನೊಂದು ಸೋಜಿಗವನ್ನು ಕೇಳಿರಿ. ಒತ್ತಡವು ಆಳವನ್ನು ಅನುಸರಿಸುತ್ತದೆಯೇ ಹೊರತು ನೀರಿನ ಅಗಲವನ್ನಲ್ಲ. ಕಿರಿದಾದ ಬಾವಿಯಲ್ಲಿ 10 ಮೀಟರು ಕೆಳಗೆ ನೀರು ಎಷ್ಟು ಒತ್ತುವುದೋ, ವಿಶಾಲವಾದ ಜಲಾಶಯದಲ್ಲಿ ಅದೇ ಆಳದಲ್ಲಿಯೂ ಅಷ್ಟೇ ಒತ್ತುತ್ತದೆ. ಇದನ್ನು ಸೈಮನ್ ಸ್ಟೆವಿನ್ ಎಂಬ ವಿದ್ವಾಂಸನು 1586ರಲ್ಲಿಯೇ ತೋರಿಸಿಕೊಟ್ಟನು.

ಈಗ ಗೇಟಿನ ಪ್ರಶ್ನೆಗೆ ಬರೋಣ. ಅದು 60 ಅಡಿ ಅಗಲ, 20 ಅಡಿ ಎತ್ತರವಿತ್ತು. ಅಂತಹ ಗೇಟಿನ ತುದಿಯವರೆಗೆ ನೀರು ನಿಂತರೆ ಅದರ ಮೇಲೆ ಬೀಳುವ ಒಟ್ಟು ಬಲ ಸುಮಾರು 340 ಟನ್. ನೀರಿನ ಮಟ್ಟವನ್ನು 10 ಅಡಿಗೆ ಇಳಿಸಿದರೆ ಬಲವು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಎಂದರೆ 85 ಟನ್. ಏಕೆಂದರೆ ನೀರು ತಾಗುವ ಜಾಗವೂ ಅರ್ಧವಾಯಿತು, ಸರಾಸರಿ ಒತ್ತಡವೂ ಅರ್ಧವಾಯಿತು. ಉಳಿದ ಗೇಟುಗಳನ್ನು ತೆರೆದು ಮಟ್ಟವನ್ನು ಇಳಿಸಿದುದರ ಮರ್ಮ ಇದು.

ಬಳಿಕ 60 ಅಡಿ ಅಗಲ, 4 ಅಡಿ ಎತ್ತರದ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯನ್ನು ಮುಚ್ಚಿದರು. 20 ಅಡಿಗೆ ಇಂತಹ ಐದು ತುಂಡುಗಳು ಬೇಕು. ಐದೂ ಒಂದೇ ಅಳತೆಯವು. ಆದರೂ ನೀರು ತುಂಬಿ ನಿಂತಾಗ ಮೇಲಣ ತುಂಡು ಒಂದು ಪಾಲು ಬಲವನ್ನು ತಾಳಿದರೆ, ಅದರ ಕೆಳಗಿನವು ಕ್ರಮವಾಗಿ 3, 5, 7, 9 ಪಾಲು ಬಲವನ್ನು ತಾಳಬೇಕು. ಮೇಲ್ತರಗತಿಯ ವಿದ್ಯಾರ್ಥಿಗಳು ಈ ಸಂಖ್ಯೆಗಳು ಹೇಗೆ ಬಂದುವೆಂಬುದನ್ನು ತಾವೇ ಲೆಕ್ಕಹಾಕಿ ನೋಡಲಿ.

ಕಿರಿಯರಿಗೆ ಒಂದು ಪ್ರಯೋಗ. ಹಳೆಯ ಎಣ್ಣೆ ಡಬ್ಬಿಗೆ ಮೇಲೆ, ನಡುವೆ, ಕೆಳಗೆ ಒಂದೊಂದು ರಂಧ್ರ ಮಾಡಿ ನೀರು ತುಂಬಿರಿ. ಕೆಳಗಿನ ರಂಧ್ರದಿಂದ ನೀರು ಅತ್ಯಂತ ವೇಗವಾಗಿ ಚಿಮ್ಮುವುದು. ಆದರೆ ಡಬ್ಬಿಯನ್ನು ನೆಲದ ಮೇಲಿಟ್ಟರೆ ಆ ಧಾರೆಯು ಬೇಗನೆ ನೆಲ ಮುಟ್ಟುವುದರಿಂದ ಅದೇ ಅತಿ ದೂರ ಬೀಳುವುದಿಲ್ಲ. ಧಾರೆ ಹೊರಡುವ ರಭಸವನ್ನು ಗಮನಿಸಿರಿ. ಬಿದ್ದ ದೂರವನ್ನು ನೋಡಿ ಮೋಸಹೋಗಬೇಡಿರಿ.

ಕೊನೆಯದಾಗಿ, ಪೋಷಕರು ವಿಶೇಷವಾಗಿ ಲಕ್ಷ್ಯವಿಟ್ಟು ಕೇಳಬೇಕಾದ ಮಾತೊಂದಿದೆ. ಬೇಸಗೆಯ ರಜೆಯಲ್ಲಿ ಮಕ್ಕಳು ಕೆರೆಗೆ ಈಜಲು ಹೋಗುವುದುಂಟು. ಕೆರೆಯ ತೂಬಿನ ಬಾಯಿ ಒಂದು ಅಡಿ ಚದರವಿದ್ದು, 15 ಅಡಿ ಆಳದಲ್ಲಿದೆಯೆಂದು ಇಟ್ಟುಕೊಳ್ಳೋಣ. ಒಳಗಡೆ ನೀರಿನ ಒತ್ತಡ, ಆಚೆಗೆ ಬರಿಯ ಗಾಳಿ. ಈಜುವವನ ಮೈ ಆ ಬಾಯಿಗೆ ಅಡ್ಡವಾದರೆ ನಾಲ್ಕು ಕ್ವಿಂಟಾಲಿಗೂ ಮಿಕ್ಕಿದ ಬಲವು ಅವನನ್ನು ಅಲ್ಲಿಗೆ ಒತ್ತಿ ಹಿಡಿಯುತ್ತದೆ. ಎಂತಹ ಗಟ್ಟಿಮುಟ್ಟಾದ ಈಜುಗಾರನೂ ಅದರಿಂದ ಬಿಡಿಸಿಕೊಳ್ಳಲಾರನು. ಮೇಲ್ಗಡೆ ನೀರು ಶಾಂತವಾಗಿ ಕಾಣುವುದರಿಂದ ಈ ಅಪಾಯವು ಕಣ್ಣಿಗೆ ಬೀಳುವುದೇ ಇಲ್ಲ. ಹಾಗೆಯೇ ಬಾವಿಯಲ್ಲಿ ಮುಳುಗಿದಾಗ ಕಿವಿ ನೋಯಲಾರಂಭಿಸಿದರೆ ಅದು ಒತ್ತಡದ ಎಚ್ಚರಿಕೆ; ಕೂಡಲೇ ಮೇಲಕ್ಕೆ ಬರಬೇಕು. ನೆಗಡಿಯಾದಾಗಲಂತೂ ಮುಳುಗಲೇಬಾರದು.

ತೂಬು ತೆರೆದಿರುವ ಕೆರೆಗೆ ಮಕ್ಕಳನ್ನು ಇಳಿಯಗೊಡಬೇಡಿರೆಂದು ತಂದೆತಾಯಿಗಳಲ್ಲಿ ನಮ್ಮ ವಿನಂತಿ. ಮಕ್ಕಳೇ, ಏಕೆ ಇಳಿಯಬಾರದೆಂದು ನಿಮ್ಮ ತಮ್ಮ ತಂಗಿಯರು ಕೇಳಿದರೆ ಗದರಿಸಬೇಡಿರಿ. ಈ ಲೆಕ್ಕವನ್ನು ಹೇಳಿಕೊಡಿರಿ. ಕಾರಣ ತಿಳಿದವನು ಎಚ್ಚರಿಕೆಯನ್ನು ಮರೆಯುವುದಿಲ್ಲ.