ಹೆಬ್ಬೆರಳಿಗೆ ಎರವಲು ಹುರಿ

ಬೆಳಗಿನ ಪಾಳಿಯ ಗಡಿಬಿಡಿ. ಹೊಸೂರು ರಸ್ತೆಯಿಂದ ಬೊಮ್ಮಸಂದ್ರದ ಕಾರ್ಖಾನೆಗಳತ್ತ ತಿರುಗುವಾಗ ಬೈಕ್ ಜಾರಿತು ಎನ್ನಿ. ಸವಾರ ಅಂಗೈ ಊರಿ ಬೀಳುತ್ತಾನೆ. ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು, ಅದಕ್ಕೊಂದು ಪಟ್ಟಿ. ಅಲ್ಲಿಗೆ ಮುಗಿಯಿತು ಎಂದುಕೊಂಡಿರುವಾಗ, ಕೆಲವು ವಾರಗಳ ಮೇಲೆ, ಹೆಬ್ಬೆರಳು ಇದ್ದಕ್ಕಿದ್ದಂತೆ ಏಳುವುದೇ ಇಲ್ಲ.

ಜನ ಇದನ್ನು 'ನರ ಕಟ್ಟಾಗಿದೆ' ಎನ್ನುತ್ತಾರೆ. ಹರಿದಿರುವುದು ನರವಲ್ಲ, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ, ಅಂದರೆ ಸ್ನಾಯುರಜ್ಜು. ಮಣಿಕಟ್ಟಿನ ಹಿಂಬದಿಯ ಮೂಳೆಗುಬ್ಬಿಯನ್ನು ಬಳಸಿ ಬರುವ ಇದು, ಪೆಟ್ಟಾದ ಜಾಗದಲ್ಲಿ ರಕ್ತ ಸಾಲದೆ, ಉಜ್ಜಿ ಉಜ್ಜಿ ಸವೆಯುತ್ತದೆ. ಹಿಂಜಿದ ತುದಿಗಳನ್ನು ಮತ್ತೆ ಹೊಲಿಯುವುದು ಕಷ್ಟ. ತೋರುಬೆರಳನ್ನು ಎತ್ತಲು ಎರಡು ರಜ್ಜುಗಳಿರುವುದರಿಂದ ವೈದ್ಯರು ಒಂದನ್ನು ಬಿಡಿಸಿ ಹೆಬ್ಬೆರಳಿಗೆ ಹೆಣೆಯುತ್ತಾರೆ.

ಮೂರು-ನಾಲ್ಕು ವಾರ ಕೈ ಕಟ್ಟಿನಲ್ಲಿರುತ್ತದೆ. ಕಟ್ಟು ಬಿಚ್ಚಿದ ಮೇಲೆ ನಿಜವಾದ ಕೆಲಸ. ಅಂಗೈಯನ್ನು ಮೇಜಿನ ಮೇಲೆ ಮಗುಚಿಟ್ಟು ಹೆಬ್ಬೆರಳನ್ನಷ್ಟೇ ಮೇಲೆತ್ತಬೇಕು. ಎತ್ತಬೇಕೆಂದು ಎಷ್ಟು ಹೆಣಗಿದರೂ ಅದು ಅಲುಗದು. ಆಗ ಫಿಜಿಯೋಥೆರಪಿಸ್ಟ್, "ತೋರುಬೆರಳು ಎತ್ತಿ" ಎನ್ನುತ್ತಾರೆ. ಮೆಲ್ಲಗೆ ನಡುಗುತ್ತ ಹೆಬ್ಬೆರಳು ಏಳುತ್ತದೆ! ಸ್ನಾಯು ಹಳೆಯದು, ಬೆರಳು ಬೇರೆ. ಮಿದುಳಿಗೆ ಈ ಹೊಸ ವಿಳಾಸ ಬಾಯಿಪಾಠವಾಗಬೇಕು. ಹಾಗೆ ಆದ ಮೇಲೆ ತೋರುಬೆರಳಿನ ನೆನಪೇ ಬೇಕಾಗುವುದಿಲ್ಲ.

ಈ ವಿದ್ಯೆಗೆ ನೆರೆಯ ವೆಲ್ಲೂರಿನಲ್ಲಿ ದೊಡ್ಡ ಇತಿಹಾಸವಿದೆ. 1914ರಲ್ಲಿ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್, 1940ರ ದಶಕದ ಕೊನೆಯಲ್ಲಿ, ಕುಷ್ಠದಿಂದ ಸ್ವಾಧೀನ ತಪ್ಪಿದ ಬೆರಳುಗಳಿಗೆ ಗಟ್ಟಿಯಾಗಿ ಉಳಿದಿದ್ದ ಸ್ನಾಯುಗಳ ರಜ್ಜುಗಳನ್ನು ತಿರುಗಿಸಿ ಜೋಡಿಸಿದರು. ವೈದ್ಯರಾಗುವ ಮೊದಲೇ ಮರಗೆಲಸ ಕಲಿತಿದ್ದ ಅವರು, ರೋಗಿಗಳ ಕೈಗೂ ಉಳಿ-ಗರಗಸ ಕೊಟ್ಟರು. ಕೈ ದುಡಿಮೆಗೆ ಮರಳಬೇಕೆಂಬ ಹಟ ಅವರದು.

ಬೊಮ್ಮಸಂದ್ರದಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕಷ್ಟ ಇರುವುದು ರಜೆಯಲ್ಲಿ. ಭಾರ ಎತ್ತುವಷ್ಟು ಬಲ ಬರಲು ಸುಮಾರು ಮೂರು ತಿಂಗಳು ಬೇಕು. ಇಎಸ್‌ಐ ವಿಮೆ ಇದ್ದವರಿಗೆ ಕಾಯಿಲೆಯ ರಜೆಯಲ್ಲಿ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಉದ್ಯೋಗದ ಗಾಯವೆನಿಸಬಹುದು, ಆಗ ಶೇ. 90. ಗುತ್ತಿಗೆ ಕಾರ್ಮಿಕನಿಗೆ ಈ ಮಾತನ್ನು ಮೇಲ್ವಿಚಾರಕರೇ ಮೊದಲ ದಿನ ಹೇಳಿಬಿಟ್ಟರೆ, ಅವನು ಹೆದರಿ ನಾಲ್ಕನೇ ವಾರಕ್ಕೇ ಯಂತ್ರದ ಮುಂದೆ ಬಂದು ನಿಲ್ಲಬೇಕಾಗುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಕೂತು, ದಿನಕ್ಕೆ ಹಲವು ಸಲ, ಊಟದ ಡಬ್ಬಿ ಹಿಡಿಯುವಷ್ಟು ಅಗಲಕ್ಕೆ ಬೆರಳು ಬಿಚ್ಚಿಕೊಳ್ಳುವ ತನಕ ಎತ್ತಿ ಇಳಿಸುತ್ತಿರಬಹುದು.